ಅಲ್ಟೆಗ್ರಾ ಡಿಐ2 ಹಾಕಿಸ್ಲೋ, ಫೋರ್ಸ್ ಎಎಕ್ಸ್‌ಎಸ್ ಹಾಕಿಸ್ಲೋ? ದಾವಣಗೆರೆ–ದುರ್ಗದ ರೋಡಿಗೆ ಯಾವುದು?

ಬಾತಿಗುಡ್ಡದ ಸವಾರ
ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಇದನ್ನೇ ಓದಿ ಓದಿ ತಲೆ ಚಿಟ್ಟು ಹಿಡಿದೈತಿ. ಬಲ್ಲವರು ಸ್ವಲ್ಪ ದಾರಿ ತೋರಿಸ್ರಿ.

ಹೋದ ತಿಂಗಳು ಸೆಕೆಂಡ್ ಹ್ಯಾಂಡ್‌ನಾಗೆ ಒಂದು ಕಾರ್ಬನ್ ಸೈಕಲ್ ಫ್ರೇಮ್ ತಗೊಂಡೆ, ಡಿಸ್ಕ್ ಬ್ರೇಕಿಂದು. ಮನೆಗೆ ತಂದು ಬಿಚ್ಚಿ ನೋಡಿದರೆ ಗಿಯರ್ ಕೇಬಲ್ ತೂರಿಸೋಕೆ ತೂತೇ ಇಲ್ಲ. ಎಲೆಕ್ಟ್ರಾನಿಕ್ ಮಾತ್ರ ಕೂರುತ್ತಂತೆ. ಮಾರಿದವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಶಿಮಾನೋ ಅಲ್ಟೆಗ್ರಾ ಡಿಐ2 ಮತ್ತೆ ಸ್ರ್ಯಾಮ್ ಫೋರ್ಸ್ ಎಎಕ್ಸ್‌ಎಸ್, ಈ ಎರಡು ಎಲೆಕ್ಟ್ರಾನಿಕ್ ಗ್ರೂಪ್‌ಸೆಟ್ (ಗಿಯರ್, ಬ್ರೇಕ್ ಎಲ್ಲ ಸೇರಿದ ಸೆಟ್) ನಡುವೆ ಜೋಲಿ ಹೊಡೀತಿದೀನಿ. ಎರಡೂ ಲಕ್ಷದ ಮೇಲಿನ ಮಾತು. ಮನೇಲಿ ಹಳೇ ಸ್ಪ್ಲೆಂಡರ್ ಮಾರಿ ಹೊಸ ಗಾಡಿ ತಗೋ ಅಂತಿದಾರೆ. ಹೊಸ ಗಾಡಿ ದುಡ್ಡಿಗೆ ಸೈಕಲ್ಲಿನ ಬರೀ ಗಿಯರ್ ಬರ್ತಾವೆ ಅಂತ ಅವರಿಗೆ ಇನ್ನೂ ಹೇಳಿಲ್ಲ.

ನನ್ನ ಸವಾರಿ: ವಾರದ ದಿನ ಬೆಳಗ್ಗೆ ಆನಗೋಡು ದಾಟಿ ವಾಪಸ್. ಭಾನುವಾರ ಚಿತ್ರದುರ್ಗ ಹೋಗಿ ಬರೋದು, 120 ಕಿ.ಮೀ. ಆಗುತ್ತೆ. ತಿಂಗಳಿಗೊಮ್ಮೆ ಜೋಗಿಮಟ್ಟಿ. ಮುಂದಿನ ವರ್ಷ 300, 400 ಕಿ.ಮೀ. ಬ್ರೆವೆ (ಕೊಟ್ಟ ಟೈಮಲ್ಲಿ ಮುಗಿಸೋ ದೂರದ ಸವಾರಿ) ಮಾಡೋ ಆಸೆ. ವಯಸ್ಸು 41, ತೂಕ 82 ಕೆ.ಜಿ. ಹತ್ತೋದ್ರಲ್ಲಿ ವೀಕು. ಚಕ್ರ ಹಳೇ ಸೈಕಲ್ಲಿಂದು ಅದಾವೆ, ಶಿಮಾನೋ ಎಚ್‌ಜಿ ಫ್ರೀಹಬ್ (ಹಿಂದಿನ ಹಲ್ಲುಚಕ್ರಗಳು ಕೂರೋ ಭಾಗ).

ದುಡ್ಡು ಒಂದೇ ಸಲ ಹಾಕೋದು. ಕೆಟ್ಟರೆ ಬೆಂಗಳೂರು 260 ಕಿ.ಮೀ. ದೂರ. ಇದನ್ನ ಮನಸ್ಸಿನಾಗೆ ಇಟ್ಕೊಂಡು ಹೇಳ್ರಿ.

ಎರೆಮಣ್ಣು
ಎರಡೂ ಬೇಡ. ಕೇಬಲ್ಲಿನ ಮೆಕ್ಯಾನಿಕಲ್ ಶಿಮಾನೋ 105 ಹಾಕ್ಸು. ಮುಗೀತು.

ಬಾತಿಗುಡ್ಡದ ಸವಾರ
ಅಣ್ಣ, ತೂತಿಲ್ಲ ಅಂದೆನಲ್ಲ.

ಎರೆಮಣ್ಣು
ಹಂಗಾದ್ರೆ ಫ್ರೇಮ್ ಮಾರು.

ದುರ್ಗದ ಗಾಳಿ
ಎರೆಮಣ್ಣು ಅವರ ಮಾತು ಬಿಡಿ, ಅವರು ಡಿಸ್ಕ್ ಬ್ರೇಕ್ ಬಂದಾಗಲೂ ಹಿಂಗೇ ಅಂದಿದ್ರು.

ನಾನು ಎರಡೂವರೆ ವರ್ಷದಿಂದ ಅಲ್ಟೆಗ್ರಾ ಡಿಐ2, 12 ಸ್ಪೀಡಿಂದು (ಹಿಂದೆ 12 ಹಲ್ಲುಚಕ್ರ), ಓಡಿಸ್ತಿದೀನಿ. 2021ರಲ್ಲಿ ಬಂತಲ್ಲ, ಅದೇ ತಲೆಮಾರು. ಇದು ಪೂರ್ತಿ ವೈರ್‌ಲೆಸ್ ಅಲ್ಲ ಅನ್ನೋದು ಗೊತ್ತಿರಲಿ. ಹ್ಯಾಂಡಲ್ಲಿನ ಶಿಫ್ಟರ್‌ಗಳಿಂದ ವೈರಿಲ್ಲ. ಆದರೆ ಚೈನ್ ಸರಿಸೋ ಮುಂದಿನ ಡಿರೇಲರ್, ಹಿಂದಿನ ಡಿರೇಲರ್ ಎರಡಕ್ಕೂ ಸೀಟ್‌ಪೋಸ್ಟ್ ಒಳಗಿರೋ ಒಂದೇ ಬ್ಯಾಟರಿಯಿಂದ ವೈರ್ ಹೋಗುತ್ತೆ. ಒಂದ್ಸಲ ಚಾರ್ಜ್ ಮಾಡಿದ್ರೆ ಸುಮಾರು ಸಾವಿರ ಕಿಲೋಮೀಟರ್ ಅಂತ ಕಂಪನಿ ಹೇಳುತ್ತೆ. ನನಗೆ ಅದಕ್ಕಿಂತ ಕಮ್ಮಿ ಬರುತ್ತೆ, ಯಾಕಂದ್ರೆ ನಾನು ಸುಮ್ಮಸುಮ್ಮನೆ ಗಿಯರ್ ಒತ್ತೋ ಮನುಷ್ಯ. ಆದರೂ ತಿಂಗಳಿಗೊಂದು ಚಾರ್ಜ್ ಸಾಕು.

ಗಿಯರ್ ಬೀಳೋ ಪರಿ ಹೇಳ್ಬೇಕು ಅಂದ್ರೆ, ಮುಂದಿನ ದೊಡ್ಡ ಚೈನ್‌ರಿಂಗಿಗೆ (ಪೆಡಲ್ ಹತ್ರದ ಹಲ್ಲುಚಕ್ರ) ಹತ್ತಿಸೋದು ನೋಡಿ. ಏರಿನಲ್ಲಿ ಪೆಡಲ್ ಮೇಲೆ ಭಾರ ಇಟ್ಕೊಂಡೇ ಒತ್ತಿದ್ರೂ ಟಕ್ ಅಂತ ಹತ್ತುತ್ತೆ. ಮೆಕ್ಯಾನಿಕಲ್‌ನಲ್ಲಿ ಹಂಗೆ ಮಾಡೋಕೆ ನಾನು ಹೆದರ್ತಿದ್ದೆ. ಮುಂದಿನ ಶಿಫ್ಟಿಂಗಿನಲ್ಲಿ ಶಿಮಾನೋನ ಮುಟ್ಟೋರಿಲ್ಲ, ಬರೆದಿಟ್ಕೊಳ್ಳಿ.

ಹರಿಹರ ಹೊಳೆದಂಡೆ
ಬರೆದಿಟ್ಕೊಂಡೆ, ಈಗ ಅಳಿಸ್ತೀನಿ.

ನಂದು ಫೋರ್ಸ್. ಇದರಾಗೆ ಒಂದು ವೈರೂ ಇಲ್ಲ. ಮುಂದಿನ ಡಿರೇಲರ್‌ಗೆ ಒಂದು ಬ್ಯಾಟರಿ, ಹಿಂದಿಂದಕ್ಕೆ ಒಂದು, ಎರಡೂ ಒಂದೇ ನಮೂನಿ, ಬೆರಳಲ್ಲೇ ಕಿತ್ತು ಹಾಕಬಹುದು. ಹೋದ ಶ್ರಾವಣದಾಗೆ ಗೆಳೆಯರೆಲ್ಲ ಕಾರಿನ ಹಿಂದೆ ಸೈಕಲ್ ಕಟ್ಕೊಂಡು ವಾಣಿವಿಲಾಸ ಸಾಗರಕ್ಕೆ ಹೋಗಿದ್ವಿ. ಕಾರು ಕುಲುಕಿದಂಗೆಲ್ಲ ಡಿರೇಲರ್ ಎದ್ದು ಕೂತು ಬ್ಯಾಟರಿ ತಿಂದಿತ್ತು. ಹಿಂದಿಂದು ಸತ್ತೇಹೋಗಿತ್ತು. ಏನ್ ಮಾಡಿದೆ? ಮುಂದಿನ ಬ್ಯಾಟರಿ ಕಿತ್ತು ಹಿಂದಕ್ಕೆ ಹಾಕಿದೆ, ಸಣ್ಣ ರಿಂಗಿನಾಗೆ ಇಡೀ ದಿನ ಓಡಿಸಿದೆ. ಅರ್ಧ ನಿಮಿಷದ ಕೆಲಸ. ನಿಮ್ಮ ಡಿಐ2 ಬ್ಯಾಟರಿ ಸತ್ತರೆ ಹೆದ್ದಾರಿ ಬದಿಗೆ ಕೂತು ಸೀಟ್‌ಪೋಸ್ಟ್ ಕೀಳ್ತೀರೇನು?

(ಅವತ್ತಿಂದ ಕಾರಿನಾಗೆ ಹೋಗುವಾಗ ಬ್ಯಾಟರಿ ಬಿಚ್ಚಿ ಜೇಬಿಗೆ ಹಾಕ್ಕೊಳ್ತೀನಿ. ಸ್ರ್ಯಾಮ್ ತಗೊಳ್ಳೋರೆಲ್ಲ ಇದು ಕಲೀರಿ.)

ದುರ್ಗದ ಗಾಳಿ
ಸೀಟ್‌ಪೋಸ್ಟ್ ಯಾಕೆ ಕೀಳ್ಬೇಕು? ಹಿಂದಿನ ಡಿರೇಲರ್‌ನಲ್ಲೇ ಚಾರ್ಜಿಂಗ್ ತೂತಿದೆ, ಪವರ್ ಬ್ಯಾಂಕಿಗೆ ಚುಚ್ಚಿದ್ರೆ ಆಯ್ತು. ಜೊತೆಗೆ ಬ್ಯಾಟರಿ ಏಕಾಏಕಿ ಸಾಯೋದಿಲ್ಲ. ಮೊದಲು ಮುಂದಿನ ಡಿರೇಲರ್ ನಿಲ್ಲುತ್ತೆ, ಹಿಂದಿಂದು ಇನ್ನೊಂದಿಷ್ಟು ಹೊತ್ತು ಕೆಲಸ ಮಾಡುತ್ತೆ. ಅದೇ ಎಚ್ಚರಿಕೆ ಗಂಟೆ.

ಹರಿಹರ ಹೊಳೆದಂಡೆ
ಆ ಚಾರ್ಜರ್ ವೈರು ಅದಕ್ಕಂತಲೇ ಬೇರೆ ಬರ್ತೈತಿ. ಮನೇಲಿ ಮರೆತು ಬಂದ್ರೆ ಭರಮಸಾಗರದ ಮೊಬೈಲ್ ಅಂಗಡೀಲಿ ಕೇಳ್ತೀರಾ?

ದುರ್ಗದ ಗಾಳಿ
ನಿಮ್ಮ ಸ್ರ್ಯಾಮ್ ಬ್ಯಾಟರಿ ಇಡೋಕೂ ಬೇರೆ ತೊಟ್ಟಿಲು ಬೇಕಲ್ಲ ಮಹರಾಯರೇ.

ಮಂಡಕ್ಕಿ ಒಗ್ಗರಣೆ
ಇಬ್ರೂ ಸರಿ. ಲೆಕ್ಕ ಹಿಂಗಿದೆ: ಸ್ರ್ಯಾಮ್ ಒಂದು ಚಾರ್ಜಿಗೆ 60 ಗಂಟೆ ಸವಾರಿ ಅಂತಾರೆ, ಶಿಮಾನೋ 1000 ಕಿ.ಮೀ. ಅಂತಾರೆ. 400ರ ಬ್ರೆವೆಗೆ ಕೊಡೋ ಟೈಮೇ 27 ಗಂಟೆ. ತುಂಬಿಸಿ ಹೊರಟ್ರೆ ಎರಡರಲ್ಲೂ ಮನೆ ಮುಟ್ತೀರಿ. ಬ್ಯಾಟರಿ ಮೇಲೆ ಜಗಳ ಆಡೋದು ಟೈಮ್ ವೇಸ್ಟ್. ದೀಪದ ಬ್ಯಾಟರಿ ಬಗ್ಗೆ ಯೋಚಿಸಿ, ಅದು ಮೊದಲು ಸಾಯೋದು.

ಜಯದೇವ ಸರ್ಕಲ್
ನನ್ನ ತಲೆಬಿಸಿ ಗುಂಡಿ ಬ್ಯಾಟರಿ. ಸ್ರ್ಯಾಮ್ ಶಿಫ್ಟರ್‌ಗೆ ಸಿಆರ್2032, ಕಾರಿನ ರಿಮೋಟಿನದು, ಮಂಡಿಪೇಟೆ ವಾಚ್ ಅಂಗಡೀಲೂ ಸಿಗುತ್ತೆ. ಶಿಮಾನೋದಕ್ಕೆ ಸಿಆರ್1632. ಇಡೀ ಮಂಡಿಪೇಟೆ ಸುತ್ತಿದೆ, "ಅದೇ ಅಲ್ವಾ ಸಾರ್, ಸ್ವಲ್ಪ ದೊಡ್ಡದು, ಒತ್ತಿ ಕೂರಿಸಿ" ಅಂತ 2032 ಕೊಡೋಕೆ ಬಂದ.

ದುರ್ಗದ ಗಾಳಿ
ಒಂದೂವರೆ ವರ್ಷಕ್ಕೊಮ್ಮೆ ಬದಲಾಯಿಸೋದು. ಆನ್‌ಲೈನ್‌ನಲ್ಲಿ ಒಂದು ಪಟ್ಟಿ ತರಿಸಿಟ್ಕೊಳ್ಳಿ ಸ್ವಾಮಿ.

ಸ್ಪ್ಯಾನರ್ 14
ಎಲ್ಲರೂ ಬ್ಯಾಟರಿ ಹಿಡ್ಕೊಂಡು ಕುಂತೀರಿ. ನಾನು ಸೈಕಲ್ ಬಿಚ್ಚೋ ಮನುಷ್ಯ, ನನ್ನ ಕಡೆಯಿಂದ ನಾಲ್ಕು ಮಾತು.

ಮೊದಲನೇದು ಫ್ರೀಹಬ್. ಬಾತಿಗುಡ್ಡದೋರು ಎಚ್‌ಜಿ ಅಂದ್ರಲ್ಲ, ಶಿಮಾನೋ 12 ಸ್ಪೀಡ್ ರೋಡ್ ಕ್ಯಾಸೆಟ್, ಅಂದ್ರೆ ಹಿಂದಿನ ಹಲ್ಲುಚಕ್ರದ ಗೊಂಚಲು, ಹಳೇ 11 ಸ್ಪೀಡ್ ಎಚ್‌ಜಿ ಬಾಡಿ ಮ್ಯಾಲೇ ಕೂರ್ತೈತಿ. ಸ್ರ್ಯಾಮ್ ಫೋರ್ಸಿಂದು 10 ಹಲ್ಲಿನಿಂದ ಶುರು, ಅದಕ್ಕೆ ಎಕ್ಸ್‌ಡಿಆರ್ ಅಂತ ಬೇರೆ ನಮೂನಿ ಫ್ರೀಹಬ್ ಬಾಡಿ ಬೇಕು. ನಿಮ್ಮ ಹಬ್ಬಿಗೆ ಎಕ್ಸ್‌ಡಿಆರ್ ಬಾಡಿ ಸಿಗ್ತೈತಾ ಇಲ್ವಾ ಅನ್ನೋದು ಹಬ್ ಕಂಪನಿ ಮ್ಯಾಲೆ. ಸಿಗದಿದ್ರೆ ಹಿಂದಿನ ಚಕ್ರಾನೇ ಹೊಸದು. ಈ ಖರ್ಚು ಯಾರೂ ಲೆಕ್ಕ ಹಾಕಲ್ಲ.

ಆಮೇಲೆ ಚೈನ್. ಶಿಮಾನೋ 12 ಸ್ಪೀಡಾಗೆ ರೋಡಿಗೂ ಮೌಂಟನ್ ಬೈಕಿಗೂ ಒಂದೇ ಚೈನ್. ಮೌಂಟನ್ ಬೈಕಿನ ಎಸ್‌ಎಲ್‌ಎಕ್ಸ್ ಚೈನ್ ತಂದು ಅಲ್ಟೆಗ್ರಾಕ್ಕೆ ಹಾಕ್ರಿ, ಏನೂ ತೊಂದ್ರಿ ಇಲ್ಲ. ಸ್ರ್ಯಾಮ್‌ದು ಫ್ಲಾಟ್‌ಟಾಪ್, ಮ್ಯಾಲಿನ ಅಂಚು ಚಪ್ಪಟೆ ಇರ್ತೈತಲ್ಲ ಅದು. ಅದೇ ಹಾಕ್ಬೇಕು. ಚೆನ್ನಾಗಿ ಬಾಳಿಕೆ ಬರ್ತೈತಿ, ಆದ್ರೆ ರೇಟು ನೋಡಿ ಎದೆ ಗಟ್ಟಿ ಮಾಡ್ಕೊಳ್ರಿ.

ಇನ್ನೊಂದು ಬ್ರೇಕ್ ಆಯಿಲ್. ಇಲ್ಲಿ ನಾನು ಸ್ರ್ಯಾಮ್ ಕಡೆ. ಶಿಮಾನೋಕ್ಕೆ ಅದರದೇ ಮಿನರಲ್ ಆಯಿಲ್, ನಮ್ಮೂರಾಗೆ ಸಿಗಲ್ಲ, ತರಿಸ್ಬೇಕು. ಸ್ರ್ಯಾಮ್ ರೋಡ್ ಬ್ರೇಕಿಗೆ ಡಾಟ್ 5.1, ಇಲ್ಲಾ ಡಾಟ್ 4. ಡಾಟ್ 4 ಪಿ.ಬಿ. ರೋಡಿನ ಯಾವ ಮೋಟರ್ ಸ್ಪೇರ್ಸ್ ಅಂಗಡಿಗೆ ಹೋದ್ರೂ ಸೀಸೆ ಎತ್ತಿ ಕೊಡ್ತಾರೆ. ಒಂದು ಕಿವಿಮಾತು, ಡಾಟ್ ನೀರು ಹೀರ್ತೈತಿ. ವರ್ಷಕ್ಕೊಮ್ಮೆ ಬದಲಿಸ್ಬೇಕು. ಬಣ್ಣದ ಮ್ಯಾಲೆ ಬಿದ್ರೆ ಬಣ್ಣ ಎದ್ದು ಬರ್ತೈತಿ. ಮತ್ತೆ ಡಾಟ್ 5 ಅಂತ ಇನ್ನೊಂದು ಐತಿ, ಸಿಲಿಕೋನಿಂದು, ಅದು 5.1 ಅಲ್ಲ. ಹಾಕ್ಬ್ಯಾಡ್ರಿ.

ಡಾಕ್ಟ್ರಮ್ಮ ಎಂಸಿಸಿ ಬಿ ಬ್ಲಾಕ್
ಸ್ಪ್ಯಾನರಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನನಗೆ ಉಲ್ಟಾ ಆಯ್ತು. ನನ್ನದು ಶಿಮಾನೋ ಬ್ರೇಕ್. ಊರಿಗೆ ಹೋದಾಗ ಲಿವರ್ ಮೆತ್ತಗಾಯ್ತು ಅಂತ ಅಲ್ಲಿನ ಒಂದು ಗಾಡಿ ಗ್ಯಾರೇಜಿಗೆ ಕೊಟ್ಟೆ. ಆ ಹುಡುಗ ಪಾಪ ಒಳ್ಳೇ ಮನಸ್ಸಿಂದ ಗಾಡಿಯ ಬ್ರೇಕ್ ಆಯಿಲ್ ತುಂಬಿಸಿಬಿಟ್ಟ. ವಾರದೊಳಗೆ ಒಳಗಿನ ರಬ್ಬರ್ ಸೀಲ್‌ಗಳೆಲ್ಲ ಊದಿ, ಪಿಸ್ಟನ್ ಹೊರಗೆ ಬಂದಿದ್ದು ಒಳಗೆ ಹೋಗ್ತಾನೇ ಇಲ್ಲ. ಎರಡು ಕ್ಯಾಲಿಪರ್, ಎರಡು ಲಿವರ್ ಹೊಸದಾಗಿ ಹಾಕಿಸಿದೆ. ಆ ದುಡ್ಡಿಗೆ ಒಂದು ಫ್ರಿಜ್ ಬರ್ತಿತ್ತು. ತಪ್ಪು ನನ್ನದೇ, ಹೇಳಿ ಕೊಡಬೇಕಿತ್ತು. ಈಗ ಮಾಸ್ಟರ್ ಸಿಲಿಂಡರ್ ಹತ್ರ "ಮಿನರಲ್ ಆಯಿಲ್ ಮಾತ್ರ" ಅಂತ ಸ್ಟಿಕ್ಕರ್ ಅಂಟಿಸಿದೀನಿ, ಕನ್ನಡದಲ್ಲಿ.

ಎರೆಮಣ್ಣು
ರಿಮ್ ಬ್ರೇಕ್ ಆಗಿದ್ರೆ ಈ ಪಜೀತಿ ಇರ್ತಿತ್ತಾ ಮೇಡಂ?

ಡಾಕ್ಟ್ರಮ್ಮ ಎಂಸಿಸಿ ಬಿ ಬ್ಲಾಕ್
ಜೋಗಿಮಟ್ಟಿ ಇಳಿಜಾರಲ್ಲಿ ಮಳೆ ಬಂದಾಗ ನಿಮ್ಮ ರಿಮ್ ಬ್ರೇಕ್ ಹಿಡ್ಕೊಂಡು ನನ್ನ ಹಿಂದೆ ಬನ್ನಿ, ಮಾತಾಡೋಣ.

ಕೋಟೆ ಏರು
ಜೋಗಿಮಟ್ಟಿ ಅಂದ್ರಲ್ಲ, ಅಲ್ಲಿಗೇ ಬಂದೆ. 82 ಕೆ.ಜಿ., ಏರಿನಲ್ಲಿ ವೀಕು ಅಂದಿದಾರೆ. ಹಂಗಾದ್ರೆ ಇವರು ನೋಡ್ಬೇಕಾದ್ದು ಕಂಪನಿ ಹೆಸರಲ್ಲ, ಹಲ್ಲಿನ ಲೆಕ್ಕ.

ಅಲ್ಟೆಗ್ರಾ: ಮುಂದೆ 50/34 (ದೊಡ್ಡ ರಿಂಗಿಗೆ 50 ಹಲ್ಲು, ಸಣ್ಣದಕ್ಕೆ 34), ಹಿಂದೆ 11-34 (11ರಿಂದ 34 ಹಲ್ಲು). ಅತೀ ಸಣ್ಣ ಗಿಯರ್ 34ಕ್ಕೆ 34, ಅಂದ್ರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದು ಸುತ್ತು. ನಿಮಿಷಕ್ಕೆ 60 ಸುತ್ತು ತುಳಿದ್ರೆ ಗಂಟೆಗೆ ಏಳೂವರೆ ಕಿ.ಮೀ. ಚಿಲ್ಲರೆ. ಫೋರ್ಸ್: ಮುಂದೆ 46/33, ಹಿಂದೆ 10-36 ತಗೊಂಡ್ರೆ 33ಕ್ಕೆ 36, ಅಂದ್ರೆ 0.92. ಅದೇ 60 ಸುತ್ತಿಗೆ ಏಳು ಕಿ.ಮೀ.ಗಿಂತ ಸ್ವಲ್ಪ ಕಮ್ಮಿ. ಕಾಗದದ ಮೇಲೆ ಅರ್ಧ ಕಿ.ಮೀ. ಫರಕು, ಮಂಡಿ ಹತ್ರ ಕೇಳಿ ನೋಡಿ ಎಷ್ಟು ಅಂತ. ಇಳಿಜಾರಲ್ಲೂ ಏನೂ ಕಳ್ಕೊಳ್ಳಲ್ಲ: 46ಕ್ಕೆ 10 ಅಂದ್ರೆ 4.6, ಶಿಮಾನೋದು 50ಕ್ಕೆ 11, 4.55.

52/36 ಮಾತ್ರ ತಗೋಬೇಡಿ. ಅಂಗಡಿಯವರು ಸ್ಟಾಕ್ ಐತೆ ಅಂತ ತಲೆಗೆ ಕಟ್ತಾರೆ. ಅದು ಹುಡುಗರಿಗೆ.

ದುರ್ಗದ ಗಾಳಿ
ಹತ್ತೋ ಲೆಕ್ಕ ಒಪ್ದೆ. ಆದರೆ ನಮ್ಮ ಕಡೆ ನಿಜವಾದ ಏರು ಗಾಳಿ. ಆಷಾಢದಲ್ಲಿ ದುರ್ಗದಿಂದ ದಾವಣಗೆರೆಗೆ ವಾಪಸ್ ಹೋಗಿ ನೋಡಿ, ಗುಡ್ಡದ ಮೇಲಿನ ಫ್ಯಾನ್‌ಗಳು ಸುಮ್ನೆ ನೆಟ್ಟಿಲ್ಲ. ಎದುರುಗಾಳಿಗೆ ಒಂದೊಂದು ಹಲ್ಲಿನ ಅಂತರ ಬೇಕು. 10-36ರಲ್ಲಿ 13 ಆದ್ಮೇಲೆ 15, 17, 19. ಒಂದು ಗಿಯರ್ ಭಾರ, ಇನ್ನೊಂದು ಹಗುರ, ಮಧ್ಯದ್ದು ಇಲ್ಲ. ಕಾಲು ಸತ್ತುಹೋಗುತ್ತೆ.

ಕೋಟೆ ಏರು
ನಿಮ್ಮ 11-34ರಲ್ಲೂ 16 ಇಲ್ಲವಲ್ಲ ಗುರುಗಳೇ. 15 ಆದ್ಮೇಲೆ 17. 16 ಬೇಕು ಅಂದ್ರೆ 11-30 ಹಾಕಿ, ಆಗ ಜೋಗಿಮಟ್ಟೀಲಿ ಇಳಿದು ತಳ್ಳಿ.

ಮಂಡಕ್ಕಿ ಒಗ್ಗರಣೆ
ಜೊತೆಗೆ ಅದು ಪೂರ್ತಿ ಎದುರುಗಾಳಿ ಅಲ್ಲ. ಗಾಳಿ ಪಶ್ಚಿಮ, ನೈಋತ್ಯದಿಂದ. ರಸ್ತೆ ವಾಯುವ್ಯಕ್ಕೆ. ಎಡಗಡೆಯಿಂದ ಓರೆ ಹೊಡೆಯುತ್ತೆ.

ದುರ್ಗದ ಗಾಳಿ
ಎಡದಿಂದಲೋ ಬಲದಿಂದಲೋ, ಹೆಬ್ಬಾಳು ಟೋಲ್ ಹತ್ರ ಅಳು ಬರುತ್ತೆ.

ಹರಿಹರ ಹೊಳೆದಂಡೆ
ವಾಣಿವಿಲಾಸ ಸಾಗರ ಅಂದೆನಲ್ಲ ಮ್ಯಾಲೆ, 2022ರಾಗೆ ಕೋಡಿ ಬಿದ್ದಾಗ ಹೋಗಿದ್ರಾ ಯಾರಾದ್ರೂ? 1933 ಆದ್ಮೇಲೆ ಅದೇ ಮೊದಲು ಅಂತ ನಮ್ಮಜ್ಜಿ ನೆನೆಸ್ಕೊಂಡು ಅತ್ತಿದ್ಲು.

ಜಯದೇವ ಸರ್ಕಲ್
ಹೋಗಿದ್ದೆ. ಸೈಕಲ್ ನಿಲ್ಸೋಕೆ ಜಾಗ ಇರಲಿಲ್ಲ, ಅಷ್ಟು ಜನ. ಗ್ರೂಪ್‌ಸೆಟ್ ಮಾತಿಗೆ ಬನ್ರಿ.

ಕ್ಯಾಂಪಿ ಭಕ್ತ
ಯಾರೂ ಕ್ಯಾಂಪಗ್ನೋಲೋ ಹೆಸರೇ ಎತ್ತಿಲ್ಲ! 1933ರಿಂದ ಸೈಕಲ್ ಪಾರ್ಟು ಮಾಡಿದ ಇಟಲಿ ಮನೆತನ ಸ್ವಾಮಿ. 2023ರಲ್ಲಿ ಸೂಪರ್ ರೆಕಾರ್ಡ್ ವೈರ್‌ಲೆಸ್ ಬಂತು. ಪೊಗಾಚಾರ್ 2020, 2021ರ ಟೂರ್ ಡಿ ಫ್ರಾನ್ಸ್ ಗೆದ್ದಿದ್ದು ಕ್ಯಾಂಪಗ್ನೋಲೋ ಮೇಲೆ.

ಹರಿಹರ ಹೊಳೆದಂಡೆ
2023ರ ಟೂರ್ ವಿಂಗೆಗಾರ್ಡ್ ಗೆದ್ದಿದ್ದು ಸ್ರ್ಯಾಮ್ ಮ್ಯಾಲೆ.

ದುರ್ಗದ ಗಾಳಿ
2024ರದ್ದು ಅದೇ ಪೊಗಾಚಾರ್, ಶಿಮಾನೋ ಮೇಲೆ. ಗಿಯರ್ ಬದಲಾಯಿಸಿದ್ರೂ ಗೆದ್ದ.

ಎರೆಮಣ್ಣು
ಅವರ ಹಿಂದೆ ಸೈಕಲ್ ಹೊತ್ತ ಕಾರು ಬರುತ್ತೆ. ನಿಮ್ಮ ಹಿಂದೆ ಕೆಎಸ್‌ಆರ್‌ಟಿಸಿ ಬಸ್ಸು ಹಾರ್ನ್ ಹೊಡ್ಕೊಂಡು ಬರುತ್ತೆ.

ಸ್ಪ್ಯಾನರ್ 14
ಎರೆಮಣ್ಣು ಈ ಒಂದು ಮಾತು ಬಂಗಾರದಂಥದ್ದು. ಕ್ಯಾಂಪಿ ಭಕ್ತರೇ, ನಿಮ್ಮ ಗಿಯರ್ ಕಣ್ಣಿಗೆ ಹಬ್ಬ, ಆದ್ರೆ ಈ ಊರಾಗೆ ಅದಕ್ಕೊಂದು ಪಾರ್ಟು ಬೇಕಂದ್ರೆ ನಾನು ಎಲ್ಲಿಗೆ ಹೋಗ್ಲಿ?

ಹಳೇ ಹೀರೋ ಸೈಕಲ್
ನಾನು ಈ ವೇದಿಕೆಯಲ್ಲಿ ವಯಸ್ಸಾದವನು, ಒಂದು ಮಾತು. ಈ ವಿದ್ಯುತ್ ಗಿಯರ್ ಶಿಮಾನೋ ಕಂಡುಹಿಡಿದದ್ದು ಅಂತ ಹುಡುಗರು ತಿಳಿದಿರುವಂತಿದೆ. ಫ್ರಾನ್ಸಿನ ಮಾವಿಕ್ 1990ರ ದಶಕದಲ್ಲೇ ಝ್ಯಾಪ್ ಅಂತ ತಂದಿತ್ತು. 1999ರಲ್ಲಿ ಮೆಕ್‌ಟ್ರಾನಿಕ್ ಅಂತ ವೈರಿಲ್ಲದ್ದನ್ನೂ ತಂದಿತು. ಎರಡೂ ನೆಲೆ ನಿಲ್ಲಲಿಲ್ಲ. ಶಿಮಾನೋ ಡ್ಯುರಾ-ಏಸ್ ಡಿಐ2 ಮಾರಾಟಕ್ಕೆ ಬಂದದ್ದು 2009ರಲ್ಲಿ. ಸ್ರ್ಯಾಮ್ ಈಟ್ಯಾಪ್ ತಂದದ್ದು 2015ರಲ್ಲಿ. ಮೊದಲು ಬಂದವರು ಗೆದ್ದರು ಎಂದೇನಿಲ್ಲ.

ನಾನು ಓಡಿಸೋದು ಗಿಯರಿಲ್ಲದ ಹೀರೋ. ಕುಂದವಾಡ ಕೆರೆ ಸುತ್ತ ಎರಡು ಸುತ್ತು.

ಮಂಡಕ್ಕಿ ಒಗ್ಗರಣೆ
ಯಜಮಾನ್ರೇ, ನಿಮ್ಮದಕ್ಕೆ ಫರ್ಮ್‌ವೇರ್ ಅಪ್‌ಡೇಟೂ ಬೇಡ, ಆರಾಮ.

ಅಂದಹಾಗೆ ಅಪ್‌ಡೇಟ್ ಅಂದ ಕೂಡಲೆ ನೆನಪಾಯ್ತು. 2024ರಲ್ಲಿ ಅಮೆರಿಕದ ಸಂಶೋಧಕರು ಡಿಐ2 ಶಿಫ್ಟರ್‌ನ ರೇಡಿಯೋ ಸಂಕೇತ ಹಿಡಿದಿಟ್ಕೊಂಡು, ಅದನ್ನೇ ಮತ್ತೆ ಬಿಟ್ಟು ಬೇರೆಯವರ ಸೈಕಲ್ ಗಿಯರ್ ಬದಲಾಯಿಸಿ ತೋರಿಸಿದ್ರು. ಶಿಮಾನೋ ಅದಕ್ಕೆ ಅಪ್‌ಡೇಟ್ ಕೊಡ್ತು. ಸೆಕೆಂಡ್ ಹ್ಯಾಂಡ್ ಡಿಐ2 ತಗೊಳ್ಳೋರು ಫೋನಿನ ಆ್ಯಪಲ್ಲಿ ಅಪ್‌ಡೇಟ್ ಹಾಕ್ಕೊಳ್ಳಿ.

ಜಯದೇವ ಸರ್ಕಲ್
ಆನಗೋಡಿನಾಗೆ ನನ್ನ ಗಿಯರ್ ಹ್ಯಾಕ್ ಮಾಡೋಕೆ ಯಾರು ಬರ್ತಾರೆ ಮಾರಾಯ. ನಾಯಿ ಬರ್ತಾವೆ.

ಬಾತಿಗುಡ್ಡದ ಸವಾರ
ನಾಯಿ ಅಂದ್ರಲ್ಲ, ಅದನ್ನೇ ಕೇಳ್ಬೇಕು ಅಂತಿದ್ದೆ. ಬಿದ್ದರೆ ಯಾವುದು ತಡ್ಕೊಳ್ಳುತ್ತೆ?

ಡಾಕ್ಟ್ರಮ್ಮ ಎಂಸಿಸಿ ಬಿ ಬ್ಲಾಕ್
ನನ್ನ ಅನುಭವ ಹೇಳ್ತೀನಿ. ಎರಡು ವರ್ಷದ ಹಿಂದೆ, ಮೆಕ್ಕೆಜೋಳದ ಸುಗ್ಗಿ. ಗೊತ್ತಲ್ಲ, ಸರ್ವಿಸ್ ರೋಡಿನ ಅರ್ಧ ಅಗಲಕ್ಕೆ ಕಾಳು ಹರಡಿರ್ತಾರೆ, ಸುತ್ತ ಕಲ್ಲು ಜೋಡಿಸಿ. ಬೆಳಗಿನ ಮಬ್ಬಲ್ಲಿ ನಾಯಿ ಅಡ್ಡ ಬಂತು, ನಾನು ಪಕ್ಕಕ್ಕೆ ಎಳೆದೆ, ಮುಂದಿನ ಚಕ್ರ ಜೋಳದ ರಾಶಿ ಮೇಲೆ. ಕಾಳಿನ ಮೇಲೆ ಬ್ರೇಕ್ ಹಿಡಿದ್ರೆ ಏನಾಗುತ್ತೆ ಅಂತ ವಿವರಿಸೋದು ಬೇಡ. ಬಲಮಗ್ಗುಲಿಗೆ ಬಿದ್ದೆ, ಅಂದ್ರೆ ಡಿರೇಲರ್ ಮೇಲೇ. ಕಾಳು ಕಾಯ್ತಿದ್ದ ಅಜ್ಜ ಓಡಿ ಬಂದು ಮೊದಲು ನನ್ನ ಎತ್ತಿದ್ರು, ಆಮೇಲೆ "ಜ್ವಾಳ ಏನೂ ಆಗಿಲ್ಲ ಬಿಡವ್ವ" ಅಂತ ನನಗೇ ಸಮಾಧಾನ ಮಾಡಿದ್ರು.

ಗಿಯರ್ ಬೀಳ್ತಿರಲಿಲ್ಲ. ಡಿರೇಲರ್ ಸತ್ತೇಹೋಯ್ತು ಅಂತ ಎದೆ ಧಸಕ್ ಅಂತು. ಮನೆಗೆ ಬಂದು ಓದಿದ ಮೇಲೆ ಗೊತ್ತಾಯ್ತು. ಡಿಐ2 ಪೆಟ್ಟು ಬಿದ್ದ ಕೂಡಲೆ ತಾನೇ ಮೋಟರ್ ಕೈಬಿಟ್ಟುಬಿಡುತ್ತೆ, ಕಾಪಾಡ್ಕೊಳ್ಳೋಕೆ. ಡಿರೇಲರ್ ಮೇಲಿನ ಬಟನ್ ಒಂದಿಷ್ಟು ಹೊತ್ತು ಒತ್ತಿ ಹಿಡಿದು ಪೆಡಲ್ ತಿರುಗಿಸಿದ್ರೆ ವಾಪಸ್ ಬರುತ್ತೆ. ಬಂತು. ಬಗ್ಗಿದ್ದು ಹ್ಯಾಂಗರ್ ಮಾತ್ರ, ಡಿರೇಲರ್‌ನ ಫ್ರೇಮಿಗೆ ಕೂರಿಸೋ ತುಂಡು. ಆ ಹ್ಯಾಂಗರ್‌ಗೆ ನಾನು ಕಾದಿದ್ದು ಇಪ್ಪತ್ತೆರಡು ದಿನ.

ಹರಿಹರ ಹೊಳೆದಂಡೆ
 ಹ್ಯಾಂಗರ್ ಕತೆ ಫೋರ್ಸಿನಾಗೂ ಅದೇ.

ಸ್ಪ್ಯಾನರ್ 14
ಇದು, ಇದು ಕೇಳ್ರಿ. ಎಲೆಕ್ಟ್ರಾನಿಕ್ ಗಿಯರ್ ಸರಿ ಬೀಳ್ತಿಲ್ಲ ಅಂತ ನನ್ನ ಹತ್ರ ಬರೋ ಸೈಕಲ್ ಪೈಕಿ ಬಹುಪಾಲಿಗೆ ಹ್ಯಾಂಗರ್ ಒಂದಿಷ್ಟು ಬಗ್ಗಿರ್ತೈತಿ. ಮೋಟರ್ ಹೋಗಿರೋದು ನಾನು ನೋಡಿದ್ದು ಒಂದೇ ಒಂದು, ಅದೂ ಪ್ರೆಶರ್ ವಾಷರ್‌ನಾಗೆ ಹತ್ತಿರದಿಂದ ನೀರು ಹೊಡೆದು ತೊಳೆದದ್ದು. ಎರೆ ಮಣ್ಣು ಮೆತ್ಕೊಂಡಿತ್ತಂತೆ. ಮಣ್ಣು ಒಣಗಿದ್ಮ್ಯಾಲೆ ಬ್ರಷ್‌ನಾಗೆ ಉದುರಿಸ್ರಿ, ಬಕೆಟ್ ನೀರು ಸಾಕು.

ಎರೆಮಣ್ಣು
ನನ್ನ ಹೆಸರು ಯಾಕೆ ತಗೊಂಡ್ರಿ.

ನಿಟ್ಟುವಳ್ಳಿ ನೈಟ್ ರೈಡರ್
ಎಲ್‌-ಟೂ, ವೀಲ್‌ಟಾಪ್ ಅಂತ ಚೀನಾದವು ಬಂದಾವಲ್ಲ, ಕಾಲು ಭಾಗ ದುಡ್ಡಿಗೆ? ಯಾರಾದ್ರೂ ಹಾಕಿದೀರಾ?

ಜಯದೇವ ಸರ್ಕಲ್
ನಮ್ಮ ಗುಂಪಲ್ಲಿ ಒಬ್ಬ ಹಾಕಿದಾನೆ. ಗಿಯರ್ ಚೆನ್ನಾಗೇ ಬೀಳುತ್ತೆ. ಆರು ತಿಂಗಳಾದ್ಮೇಲೆ ಮಾತಾಡ್ತೀನಿ ಅಂದಿದಾನೆ.

ಸ್ಪ್ಯಾನರ್ 14
ಎರಡನೇ ಸೈಕಲ್ಲಿಗೆ ಆಟ ಆಡಕ್ಕೆ ತಗೊಳ್ರಿ. ನಿಮ್ಮ ಬ್ರೆವೆ ಸೈಕಲ್ಲಿಗೆ ಬ್ಯಾಡ.

ಡಾಕ್ಟ್ರಮ್ಮ ಎಂಸಿಸಿ ಬಿ ಬ್ಲಾಕ್
ಬಾತಿಗುಡ್ಡದವರೇ, ಒಂದು ಪ್ರಶ್ನೆ. ಅಲ್ಟೆಗ್ರಾನೇ ಯಾಕೆ? ನಾನು ಓಡಿಸೋದು 105 ಡಿಐ2, 2022ರಲ್ಲಿ ಬಂದದ್ದು. ಅದೂ 12 ಸ್ಪೀಡ್, ಅದೇ ಬ್ಯಾಟರಿ, ಅದೇ ಅರೆ ವೈರ್‌ಲೆಸ್ಸು. ಅಲ್ಟೆಗ್ರಾಗಿಂತ ಮುನ್ನೂರು ಗ್ರಾಂ ಆಸುಪಾಸು ಭಾರ. ಹುಡ್ (ಲಿವರಿನ ರಬ್ಬರ್ ಹಿಡಿ) ಮೇಲಿನ ಗುಪ್ತ ಬಟನ್ ಇಲ್ಲ, ನನಗೆ ಅದರ ಅವಶ್ಯಕತೆ ಬಿದ್ದಿಲ್ಲ. ಮುಖ್ಯವಾದ್ದು: ಅಲ್ಟೆಗ್ರಾ ಹಿಂದಿನ ಡಿರೇಲರ್ ಕಂಪನಿ ಲೆಕ್ಕದಲ್ಲಿ 34 ಹಲ್ಲಿನವರೆಗೆ. 105ರದ್ದು 36ರವರೆಗೆ ಹೋಗುತ್ತೆ. 34ಕ್ಕೆ 36, ಅಂದ್ರೆ 0.94. ಕೋಟೆ ಏರು ಅವರ ಫೋರ್ಸ್ ಲೆಕ್ಕಕ್ಕೆ ಹತ್ರ ಬಂತಲ್ಲ? ಚಕ್ರವೂ ಬದಲಾಯಿಸಬೇಕಿಲ್ಲ.

ಲಿವರ್ ಮಾತ್ರ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನನ್ನ ಕೈ ಸಣ್ಣದು, ಶಿಮಾನೋ ಹುಡ್ ಒಪ್ಪುತ್ತೆ. ಆದರೆ ಅದರ ಎರಡು ಬಟನ್ ಪಕ್ಕಪಕ್ಕದಲ್ಲೇ ಇರೋದರಿಂದ ಚಳಿಗಾಲದಲ್ಲಿ ಕೈಗವಸು ಹಾಕ್ಕೊಂಡ್ರೆ ತಪ್ಪು ಬಟನ್ ಒತ್ತೋದು ಇದ್ದದ್ದೇ.

ಹರಿಹರ ಹೊಳೆದಂಡೆ
ಅದಕ್ಕೇ ಹೇಳೋದು ಸ್ರ್ಯಾಮ್ ಅಂತ! ಬಲಗೈ ಒತ್ತಿದ್ರೆ ಭಾರದ ಗಿಯರ್, ಎಡಗೈ ಒತ್ತಿದ್ರೆ ಹಗುರದ ಗಿಯರ್, ಎರಡೂ ಒಟ್ಟಿಗೆ ಒತ್ತಿದ್ರೆ ಮುಂದಿನ ರಿಂಗು ಬದಲು. ನನ್ನ ಮಗಳು ಏಳು ವರ್ಷದವಳು, ಸ್ಟ್ಯಾಂಡ್ ಮ್ಯಾಲೆ ನಿಲ್ಲಿಸಿದ ಸೈಕಲ್ಲಿನಾಗೆ ಎರಡು ನಿಮಿಷದಾಗೆ ಕಲಿತಳು. 250 ಕಿಲೋಮೀಟರ್ ಆದ್ಮ್ಯಾಲೆ ರಾತ್ರಿ ಎರಡು ಗಂಟಿಗೆ ನಿದ್ದಿಗಣ್ಣಿನಾಗೆ ಇದರ ಬೆಲೆ ಗೊತ್ತಾಗ್ತೈತಿ.

ದುರ್ಗದ ಗಾಳಿ
ಈ ಒಂದು ವಿಷಯ ಒಪ್ತೀನಿ. ಸ್ರ್ಯಾಮ್ ಬಟನ್ ಲೆಕ್ಕ ಚೆಂದ. ಶಿಮಾನೋದಲ್ಲೂ ಆ್ಯಪಿಗೆ ಹೋಗಿ ಬಟನ್ ಕೆಲಸ ಬದಲಾಯಿಸ್ಕೋಬಹುದು, ಆದರೆ ಜನ ಮಾಡಲ್ಲ.

ಕೋಟೆ ಏರು
ಡಾಕ್ಟ್ರಮ್ಮ 105 ಅಂದಿದ್ದು ನನಗೆ ಹೊಳೆದೇ ಇರಲಿಲ್ಲ. ದುಬಾರಿದ್ದು ನೋಡೋ ಭರದಲ್ಲಿ ಕೆಳಗಿಂದು ಕಾಣಲ್ಲ. ಮುನ್ನೂರು ಗ್ರಾಂ ಅಂದ್ರೆ ಎಷ್ಟು? ನೀರಿನ ಬಾಟ್ಲಿ ಅರ್ಧ.

ಮಂಡಕ್ಕಿ ಒಗ್ಗರಣೆ
ಭಾನುವಾರ ಸವಾರಿ ಮುಗಿಸಿ ತಿನ್ನೋ ಬೆಣ್ಣೆ ದೋಸೆ ಮೂರರ ಬದಲು ಎರಡು ಮಾಡಿದ್ರೆ ವಸೂಲು.

ಜಯದೇವ ಸರ್ಕಲ್
ಮೂರರ ಬದಲು ಎರಡು? ಬಾಯಿಗೆ ಬಂದಂಗೆ ಮಾತಾಡಬೇಡಿ.

ಬಾತಿಗುಡ್ಡದ ಸವಾರ
ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ರಾತ್ರಿ ಕೂತು ಕಾಗದ ಪೆನ್ನು ಹಿಡಿದು ಬರೆದೆ.

ನಾನು ಕೇಳಿದ್ದು ಯಾವುದು ಚೆನ್ನಾಗಿ ಗಿಯರ್ ಬೀಳುತ್ತೆ ಅಂತ. ನೀವು ಹೇಳಿದ್ರಲ್ಲಿ ಗಿಯರ್ ಬೀಳೋ ಮಾತು ನಾಲ್ಕು ಸಾಲು, ಉಳಿದಿದ್ದೆಲ್ಲ ಎಣ್ಣೆ, ಹ್ಯಾಂಗರ್, ಗುಂಡಿ ಬ್ಯಾಟರಿ, ಜೋಳ. ಫೋರ್ಸ್ ಮನಸ್ಸಿಗೆ ಹಿಡಿಸಿತ್ತು, ಸುಳ್ಳು ಹೇಳಲ್ಲ, ಆ ವೈರಿಲ್ಲದ ಅಂದ ಬೇರೆ. ಆದರೆ ನನ್ನ ಹಬ್ಬಿಗೆ ಎಕ್ಸ್‌ಡಿಆರ್ ಬಾಡಿ ಸಿಗಲ್ಲ ಅಂತ ಹಬ್ ಮಾರಿದ ಅಂಗಡಿಯವರೇ ಹೇಳಿದ್ರು. ಹಿಂದಿನ ಚಕ್ರ ಸೇರಿಸಿದ್ರೆ ಬಜೆಟ್ ಹರಿದುಹೋಗುತ್ತೆ. ಹಂಗಾಗಿ 105 ಡಿಐ2, 50/34, ಹಿಂದೆ 11-36. ಉಳಿದ ದುಡ್ಡಲ್ಲಿ ಹ್ಯಾಂಗರ್ ಎರಡು, ಮಿನರಲ್ ಆಯಿಲ್ ಒಂದು ಬಾಟ್ಲಿ, 1632 ಒಂದು ಪಟ್ಟಿ, ಒಂದು ಒಳ್ಳೇ ದೀಪ. ಸ್ಟಿಕ್ಕರ್ ಡಾಕ್ಟ್ರಮ್ಮನ ಹತ್ರ ಇಸ್ಕೊಳ್ತೀನಿ.

ನಾಳೆ ಆರ್ಡರ್ ಹಾಕ್ತಿದೀನಿ.

ಹರಿಹರ ಹೊಳೆದಂಡೆ
ನಂಗೆ ಬ್ಯಾಸರ ಆಯ್ತು, ಆದ್ರೂ ಲೆಕ್ಕ ಸರಿ ಐತಿ. ಮುಂದಿನ ಚಕ್ರ ತಗೊಳ್ಳುವಾಗ ಎಕ್ಸ್‌ಡಿಆರ್ ಬಾಡಿ ಸಿಗೋದೇ ತಗೊಳ್ರಿ, ಬುದ್ಧಿ ಬಂದಾಗ ಬರ್ತೀರಿ.

ದುರ್ಗದ ಗಾಳಿ
ಅಲ್ಟೆಗ್ರಾ ಅಲ್ಲದಿದ್ರೂ ಮನೆಯೊಳಗೇ ಉಳೀತು. ಸಂತೋಷ.

ಸ್ಪ್ಯಾನರ್ 14
ಸ್ವಲ್ಪ ತಡೀರಿ. ಫ್ರೇಮಿನ ಬಾಟಮ್ ಬ್ರಾಕೆಟ್, ಪೆಡಲ್ ಆಕ್ಸಲ್ ತಿರುಗೋ ಬೇರಿಂಗು, ಯಾವುದು? ಶಿಮಾನೋ ಕ್ರ್ಯಾಂಕಿನ ಆಕ್ಸಲ್ 24 ಎಂ.ಎಂ. ಮೊದಲಿದ್ದೋರು ಸ್ರ್ಯಾಮ್‌ನ ಡಬ್ ಅನ್ನೋ ಆಕ್ಸಲ್ ಹಾಕಿದ್ರೆ ಅದು 28.99, ಬೇರಿಂಗ್ ಬದಲಿಸ್ಬೇಕು.

ಬಾತಿಗುಡ್ಡದ ಸವಾರ
ಪ್ರೆಸ್ ಫಿಟ್ ಇದ್ದಂಗೆ ಕಾಣುತ್ತೆ ಅಣ್ಣ. ಯಾವ ಸೈಜು ಅಂತ ಗೊತ್ತಿಲ್ಲ. ಫೋಟೋ ಹಾಕ್ಲಾ?

ಸ್ಪ್ಯಾನರ್ 14
ಫೋಟೋದಾಗೆ ಅಳತಿ ಕಾಣಲ್ಲ. ಭಾನುವಾರ ಫ್ರೇಮ್ ಹೊತ್ಕೊಂಡು ಬರ್ರಿ, ವರ್ನಿಯರ್ ಹಿಡಿದು ನೋಡಣ. ಅಲ್ಲೀವರೆಗೆ ಆರ್ಡರ್ ಒತ್ತಬ್ಯಾಡ್ರಿ.

ಎರೆಮಣ್ಣು
ಫ್ರೇಮ್ ಮಾರು ಅಂತ ಮೊದಲನೇ ದಿನವೇ ಹೇಳಿದ್ದೆ.